ಮಾಳಿಗೆಯ ಮಣ್ಣು

ಕನ್ನಡ ನಾಡಿನಲ್ಲಿ ಮನೆಯ ಮೇಲುಹೊದಿಕೆಗೆ ಇರುವ ಹೆಸರುಗಳನ್ನು ಎಣಿಸತೊಡಗಿದರೆ ನಾಡಿನ ಮಳೆ ಬಿಸಿಲುಗಳ ನಕಾಶೆಯೇ ಕಣ್ಣೆದುರು ಬಂದು ನಿಲ್ಲುತ್ತದೆ. ಕರಾವಳಿಯವರು ಅದನ್ನು 'ಮಾಡು' ಎನ್ನುತ್ತಾರೆ. ಇಳಿಜಾರು ಅದರ ಲಕ್ಷಣ. ಉತ್ತರದ ಬಯಲುಸೀಮೆಯವರು 'ಮಾಳಿಗೆ' ಎನ್ನುತ್ತಾರೆ. ಸಮತಟ್ಟು ಅದರ ಲಕ್ಷಣ. ಅದೇ ಮಾಳಿಗೆಯೆಂಬ ಶಬ್ದವು ಹಳೆಯ ಮೈಸೂರು ಸೀಮೆಗೆ ಹೋದರೆ ಮೇಲಂತಸ್ತೆಂಬ ಅರ್ಥವನ್ನು ತಳೆಯುತ್ತದೆ. 'ಸೂರು' ಎಂಬುದು ಛಾವಣಿಯ ಅಂಚಿಗೆ, ಮಳೆನೀರು ತೊಟ್ಟಿಕ್ಕುವ ಎಡೆಗೆ ಸಲ್ಲುವ ಮಾತು. ಅದೇ ಬೆಳೆದು ಇಡೀ ಮನೆಗೆ ಹೆಸರಾಗಿದೆ. ವರ್ಷಕ್ಕೆ ೭೦೦೦ ಮಿಲಿಮೀಟರು ಮೀರಿ ಮಳೆ ಸುರಿಯುವ ಆಗುಂಬೆಗೂ, ೬೦೦ ಮಿಲಿಮೀಟರಿನ ಆಸುಪಾಸಿನಲ್ಲಿಯೇ ತೃಪ್ತಿಪಡಬೇಕಾದ ವಿಜಯಪುರ ಸೀಮೆಗೂ ಒಂದೇ ಬಗೆಯ ಹೊದಿಕೆ ಒಪ್ಪದು. ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಆ ಅರಿವನ್ನು ಎಲ್ಲಿಯವರೆಗೆ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಮಾತ್ರ ಪ್ರತಿಯೊಂದು ತಲೆಮಾರಿನವರೂ ತಾವೇ ಬಿಡಿಸಿಕೊಳ್ಳಬೇಕಾದ ಒಗಟು.

ಮಲಪ್ರಭೆಯ ದಂಡೆಗೆ ದೂರವಲ್ಲದ ಒಂದು ಹಳ್ಳಿಯಲ್ಲಿ ನಿವೃತ್ತ ಗಣಿತ ಶಿಕ್ಷಕರೊಬ್ಬರಿಗೆ ಈ ಒಗಟು ಎದುರಾಯಿತು. ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ, ಮುಂದೆ ಮೂರು ದಶಕಗಳ ಕಾಲ ಮಕ್ಕಳಿಗೆ ಲೆಕ್ಕ ಕಲಿಸಿದವರು ಅವರು. ಊರವರಿಗೆಲ್ಲ ಅವರು ಮಾಸ್ತರರು. ಅವರ ಮನೆ ಅಜ್ಜನ ಕಾಲದ್ದು. ಕಲ್ಲು ಮಣ್ಣಿನ ದಪ್ಪ ಗೋಡೆಗಳು, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಸಾಗುವಾನಿಯ ಜಂತಿಗಳು, ಅವುಗಳ ಮೇಲೆ ಒತ್ತಾಗಿ ಜೋಡಿಸಿದ ಚಕ್ಕೆಗಳು, ಹುಳು ಹಿಡಿಯದಿರಲೆಂದು ಬೇವು ಲಕ್ಕಿಗಳ ಸೊಪ್ಪಿನ ಹಾಸು, ಎಲ್ಲದರ ಮೇಲೆ ಮಣ್ಣು. ನಡುಮನೆಯ ನಡುವೆ ಒಂದು ಬೆಳಕಿಂಡಿ. ಪ್ರತಿವರ್ಷ ಮುಂಗಾರಿಗೆ ಮುನ್ನ ಮಾಳಿಗೆ ಹತ್ತಿ, ಬಿರುಕುಗಳನ್ನು ಮುಚ್ಚಿ, ನೀರನ್ನು ಒಳಗೆ ಬಿಡದ ಸವಳು ಮಣ್ಣನ್ನು ಹೇರಿ, ಬಡಿದು ಗಟ್ಟಿ ಮಾಡುವುದು ಆ ಮನೆಯ ವ್ರತವೆನಿಸಿತ್ತು.

೨೦೦೯ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಬಂದರೂ ಬಿಡಲಿಲ್ಲ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಹೊಳೆಯ ನೀರಿಗೆ ಸಿಕ್ಕಿ ಹೋದ ಮನೆಗಳು ಕೆಲವಾದರೆ, ನೆನೆದ ಮಾಳಿಗೆಯ ಭಾರಕ್ಕೆ ಕುಸಿದ ಮನೆಗಳು ಅಸಂಖ್ಯ. ಅಂಥ ಒಂದು ರಾತ್ರಿ ಮಾಸ್ತರರ ಮನೆಯ ಮೂಡಣ ಮೂಲೆ ಕುಸಿಯಿತು. ಎಂಬತ್ತು ದಾಟಿದ ಅವರ ತಾಯಿ ದಿನವೂ ಮಲಗುತ್ತಿದ್ದುದು ಆ ಮೂಲೆಯಲ್ಲಿಯೇ. ಅಂದು ಸೋರುತ್ತಿದೆಯೆಂದು ಹಾಸಿಗೆಯನ್ನು ಪಡಸಾಲೆಗೆ ಎಳೆದುಕೊಂಡಿದ್ದರಿಂದ ಉಳಿದರು. ಬೆಳಗಾಗೆದ್ದು ನೋಡಿದರೆ ಅವರ ವಿಭೂತಿಯ ಕರಡಿಗೆಯೂ ನೀರಿನ ತಂಬಿಗೆಯೂ ಮೊಣಕಾಲೆತ್ತರದ ಮಣ್ಣಿನ ಕೆಳಗಿದ್ದವು.

ಮಳೆ ನಿಂತ ಮೇಲೆ ಮಾಸ್ತರರು ಮುರಿದ ಅಂಚಿನ ಬಳಿ ನಿಂತು ಮಾಳಿಗೆಯ ಮಣ್ಣನ್ನು ಅಳೆದರು. ಕಟ್ಟಿದಾಗ ಒಂದು ಗೇಣಿದ್ದಿರಬಹುದಾದ ಮಣ್ಣು ಒಂದೂವರೆ ಅಡಿಯಾಗಿತ್ತು. ಒಂದರ ಮೇಲೊಂದು ಪದರಗಳು ಬಣ್ಣ ಬಣ್ಣವಾಗಿ ಕಾಣುತ್ತಿದ್ದವು. ಪ್ರತಿವರ್ಷವೂ ಹೊಸ ಮಣ್ಣು ಹಾಕಿದ್ದರು. ಹಳೆಯದನ್ನು ಕೆರೆದು ತೆಗೆದಿರಲಿಲ್ಲ. ಒಂದು ಘನ ಅಡಿ ಮಣ್ಣೆಂದರೆ ಸುಮಾರು ೪೫ ಕಿಲೋ. ಹತ್ತಡಿ ಹನ್ನೆರಡಡಿಯ ಆ ಒಂದು ಕೋಣೆಯ ಮೇಲೆ, ಒಣಗಿದ್ದಾಗಲೇ, ೮ ಟನ್ನು ಮಣ್ಣು ಕುಳಿತಿತ್ತು. ನೆನೆದಾಗ ಇನ್ನೂ ಹೆಚ್ಚು. ಮಕ್ಕಳಿಗೆ ಗಾತ್ರ ತೂಕಗಳ ಲೆಕ್ಕವನ್ನು ಅಷ್ಟು ವರ್ಷ ಕಲಿಸಿದವರು ತಮ್ಮ ತಲೆಯ ಮೇಲಿನ ತೂಕವನ್ನು ಒಮ್ಮೆಯೂ ಲೆಕ್ಕಹಾಕಿರಲಿಲ್ಲ.

ಇದು ಒಂದು ಮನೆಯ ಮಾತಲ್ಲ. ೧೯೯೩ರ ಸೆಪ್ಟೆಂಬರ್ ೩೦ರಂದು ನಸುಕಿನಲ್ಲಿ, ನಾಲ್ಕು ಗಂಟೆಗೆ ಕೆಲವು ನಿಮಿಷಗಳ ಮುನ್ನ, ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಆ ನಡುಕ ಕಲಬುರಗಿ ಬೀದರ ಸೀಮೆಗಳಲ್ಲಿಯೂ ಜನರನ್ನು ಬೀದಿಗೆ ತಂದಿತು. ಅಲ್ಲಿ ಮಡಿದವರು ಸುಮಾರು ಹತ್ತು ಸಾವಿರ. ಅವರಲ್ಲಿ ಬಹುಮಂದಿ ಮಲಗಿದ್ದುದು ಇಂಥವೇ ಮನೆಗಳಲ್ಲಿ: ಮಣ್ಣಿನಲ್ಲಿ ಕೂಡಿಸಿದ ಉಂಡೆಗಲ್ಲಿನ ಗೋಡೆ, ಮೇಲೆ ತಲೆಮಾರುಗಳ ಮಣ್ಣು. ಗೋಡೆ ಬಿರಿಯಿತು, ಮಾಳಿಗೆ ಇಳಿಯಿತು. ಹುಲ್ಲು ಹೊದಿಸಿದ ಹಗುರವಾದ ಗುಡಿಸಿಲುಗಳು ಅದೇ ನೆಲದಲ್ಲಿ ನಿಂತುಕೊಂಡವು. ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಇರಿಸುವ ಮಣ್ಣಿನ ಮಾಳಿಗೆಯ ಗುಣವನ್ನು ಅಲ್ಲಗಳೆಯಲಾಗದು. ದೋಷವಿದ್ದುದು ಮಣ್ಣಿನಲ್ಲಲ್ಲ, ತೆಗೆಯದೆ ಹೇರುತ್ತ ಹೋದ ಅಭ್ಯಾಸದಲ್ಲಿ.

ಹಾಗಾದರೆ ಮುಂದೇನು? ಮಾಸ್ತರರ ಮುಂದೆ ಊರವರ ಸಲಹೆಗಳ ರಾಶಿಯೇ ಬಿದ್ದಿತು. ಕಡಮೆ ಖರ್ಚಿನದು ತಗಡು. ಕಬ್ಬಿಣಕ್ಕೆ ಸತುವಿನ ಲೇಪ ಕೊಟ್ಟ ಹಾಳೆಗಳು ಹಗುರ. ಒಂದೇ ದಿನದಲ್ಲಿ ಹೊದಿಸಬಹುದು. ಆದರೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅದರ ಕೆಳಗೆ ಕುಳಿತವರು ಹೆಂಚಿನ ಮೇಲಿನ ರೊಟ್ಟಿಯಾಗುತ್ತಾರೆ. ಮಳೆ ಬಂದರೆ ಗುರುಗಳ ಪಾಠ ಶಿಷ್ಯರಿಗೆ ಕೇಳಿಸದೆಂಬುದು ತಗಡಿನ ಶಾಲೆಯಲ್ಲಿ ಕಲಿಸಿದ ಯಾರಿಗೂ ಹೊಸದಲ್ಲ. ಕಲ್ನಾರಿನ ಸಿಮೆಂಟು ಶೀಟು ತಗಡಿನಷ್ಟು ಸದ್ದು ಮಾಡದು, ತುಕ್ಕು ಹಿಡಿಯದು. ಆದರೆ ಅದು ಒಡೆದಾಗ, ಕೊರೆದಾಗ, ಸವೆದಾಗ ಏಳುವ ನವುರಾದ ಎಳೆಗಳು ಶ್ವಾಸಕೋಶವನ್ನು ಸೇರುತ್ತವೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಅನೇಕ ದೇಶಗಳು ಅದನ್ನು ನಿಷೇಧಿಸಿವೆ. ಮೊಮ್ಮಕ್ಕಳು ಆಡುವ ಮನೆಗೆ ಅದು ಬೇಡವೆಂದು ಮಾಸ್ತರರು ನಿಶ್ಚಯಿಸಿದರು.

ಶಹಾಬಾದಿನ ಹಾಸುಗಲ್ಲನ್ನು ಒಬ್ಬರು ಸೂಚಿಸಿದರು. ನೆಲದಲ್ಲಿಯೇ ಪದರ ಪದರವಾಗಿ ದೊರೆಯುವ ಆ ಸುಣ್ಣಗಲ್ಲು ಕಲಬುರಗಿಯ ಸೀಮೆಯಲ್ಲಿ ನೆಲಕ್ಕೂ ಗೋಡೆಗೂ ಛಾವಣಿಗೂ ಒದಗಿಬಂದಿದೆ. ಆದರೆ ಅದೂ ಭಾರವೇ. ಬಿರಿದರೆ ಮುನ್ಸೂಚನೆ ಕೊಡದೆ ಬಿರಿಯುತ್ತದೆ. ಗಾರೆಯ ಮಾಳಿಗೆಯನ್ನು ಇನ್ನೊಬ್ಬರು ನೆನಪಿಸಿದರು. ಜಂತಿಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿ, ಮೇಲೆ ಸುಣ್ಣ ಇಟ್ಟಿಗೆಚೂರುಗಳ ಗಾರೆಯನ್ನು ಹರಡಿ, ಬೆಲ್ಲ ಅಳಲೆಕಾಯಿಗಳ ನೀರನ್ನು ಚಿಮುಕಿಸುತ್ತ ದಿನಗಟ್ಟಲೆ ಬಡಿಯುವ ವಿದ್ಯೆಯದು. ಸುಣ್ಣ ಸಿಕ್ಕೀತು, ಬೆಲ್ಲ ಸಿಕ್ಕೀತು. ಬಡಿಯಬಲ್ಲ ಕೈಗಳು ಆ ಸುತ್ತಿನಲ್ಲಿ ಸಿಗಲಿಲ್ಲ. ಒಂದು ಕಾಯಕ ನಿಂತರೆ ಅದರೊಡನೆ ಒಂದು ಬಗೆಯ ಮನೆಯೂ ಹೋಗುತ್ತದೆ.

ಮಂಗಳೂರು ಹೆಂಚು ಮಾಸ್ತರರ ಮನಸ್ಸಿಗೆ ಬಹುಮಟ್ಟಿಗೆ ಒಪ್ಪಿತು. ಅವರು ಓದಿದ ಪ್ರಸಾದ ನಿಲಯದ ಹೊದಿಕೆ ಅದೇ ಆಗಿತ್ತು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆಗೆದ ಮೇಲೆ, ಕುಂಬಾರರ ಅರ್ಧಗೊಳವೆಯಂಥ ನಾಡಹೆಂಚಿನ ಜಾಗಕ್ಕೆ, ನೇತ್ರಾವತಿ ಗುರುಪುರ ಹೊಳೆಗಳ ಜೇಡಿಯಿಂದ ಅಚ್ಚುಹಾಕಿದ ಈ ಚಪ್ಪಟೆ ಹೆಂಚು ಬಂದಿತು. ಒಂದರ ಗಾಡಿಯಲ್ಲಿ ಇನ್ನೊಂದು ಕುಳಿತುಕೊಳ್ಳುವ ಉಪಾಯದಿಂದ ಕಡಮೆ ಹೆಂಚಿನಲ್ಲಿ ಹೆಚ್ಚು ಎಡೆ ಮುಚ್ಚುತ್ತದೆ. ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ಆ ಹತ್ತು ಹನ್ನೆರಡಡಿಯ ಕೋಣೆಗೆ ಹೆಂಚಿನ ತೂಕ ಸುಮಾರು ಅರ್ಧ ಟನ್ನು ಮಾತ್ರ. ಎಂಟೆಲ್ಲಿ, ಅರೆಯೆಲ್ಲಿ!

ಆದರೆ ಈ ಲೆಕ್ಕಕ್ಕೆ ಸಿಗದ ಸಂಗತಿಯೊಂದನ್ನು ತಾಯಿ ಎತ್ತಿದರು: "ಹಂಚು ಹಾಕಿದ್ರ ಮೆಣಸಿನಕಾಯಿ ಎಲ್ಲಿ ಒಣಗಸಲಿ? ಬ್ಯಾಸಗ್ಯಾಗ ಎಲ್ಲಿ ಮಲಗೂದು?" ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಮಾಳಿಗೆಯೆಂಬುದು ಹೊದಿಕೆ ಮಾತ್ರವಲ್ಲ, ಮನೆಯ ಎರಡನೆಯ ಅಂಗಳ. ಜೋಳ ಒಣಗುವುದು ಅಲ್ಲಿ, ಶಾವಿಗೆ ಹಪ್ಪಳ ಒಣಗುವುದು ಅಲ್ಲಿ, ಬೇಸಗೆಯ ಇರುಳು ಮಕ್ಕಳು ಚಿಕ್ಕೆ ಎಣಿಸುತ್ತ ನಿದ್ದೆಹೋಗುವುದು ಅಲ್ಲಿ. ಇಳಿಜಾರಿನ ಹೆಂಚು ಆ ಅಂಗಳವನ್ನು ಕಸಿದುಕೊಳ್ಳುತ್ತದೆ. ಕಡಮೆ ಮಳೆಯ ನಾಡಿನವರು ಸಮತಟ್ಟು ಛಾವಣಿಯನ್ನು ಬಿಡದಿರುವುದಕ್ಕೆ ಇದೇ ಕಾರಣ.

ಕೊನೆಗೆ ಉಳಿದದ್ದು ಕಬ್ಬಿಣ ಸೇರಿದ ಕಾಂಕ್ರೀಟು. ನಾಲ್ಕು ಅಂಗುಲದ ಹಾಸಾದರೆ ಆ ಕೋಣೆಗೆ ಮೂರು ಟನ್ನಿಗೆ ತುಸು ಕಡಮೆ. ಅದನ್ನು ಹಳೆಯ ಮಣ್ಣುಗೋಡೆಯ ಮೇಲೆ ಎಳೆದರೆ ಹಳೆಯ ತಪ್ಪಿಗೆ ಹೊಸ ವೇಷ ತೊಡಿಸಿದಂತಾದೀತೆಂದು ಮಾಸ್ತರರು ಬಲ್ಲರು. ಆದುದರಿಂದ ಹೊಸ ಅಡಿಪಾಯದಿಂದ ಕಂಬಗಳನ್ನೆಬ್ಬಿಸಿ ಹಿಂಬದಿಯ ಎರಡು ಕೋಣೆಗಳಿಗೆ ಕಾಂಕ್ರೀಟನ್ನೂ, ಮುಂದಿನ ಪಡಸಾಲೆಗೆ ಹೆಂಚನ್ನೂ ಗೊತ್ತುಮಾಡಿದರು. ಹಗಲೆಲ್ಲ ಉಂಡ ಕಾವನ್ನು ಕಾಂಕ್ರೀಟು ಇರುಳಿಡೀ ಕೆಳಗೆ ಕಾರುತ್ತದೆ; ಅದಕ್ಕೆ ಮೇಲೆ ಬಿಳಿಯ ಸುಣ್ಣ ಬಳಿಯಿಸುವುದೆಂದಾಯಿತು. ಒಳಗಿನ ಸರಳಿಗೆ ತೇವ ತಾಗಿ ತುಕ್ಕು ಹಿಡಿದರೆ ಅದು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಅದಕ್ಕೆ ನೀರು ನಿಲ್ಲದಂತೆ ಓರೆ ಕೊಡಿಸಿದರು. ಹಾಸು ಹಾಕಿದ ಮೇಲೆ ಹದಿನಾಲ್ಕು ದಿನ, ಬೆಳಗು ಬೈಗು, ತಾವೇ ನಿಂತು ನೀರುಣಿಸಿದರು.

ಇಷ್ಟೆಲ್ಲ ಆಗುವ ಮೊದಲು ಮಾಳಿಗೆ ಬಿಚ್ಚಬೇಕಾಗಿತ್ತು. ೨೦೧೦ರ ಬಸವ ಜಯಂತಿಯ ಮರುದಿನ ಆಳುಗಳು ಸಲಿಕೆ ಹಿಡಿದು ಮೇಲೇರಿದಾಗ ತಾಯಿ ಬಾಗಿಲಿಗೆ ಅಡ್ಡ ಕುಳಿತರು. "ಈ ಮಣ್ಣಾಗ ನಿಮ್ಮ ಅಪ್ಪನ ಕೈ ಅದ. ಅದನ್ನ ಎಲ್ಲಿ ಚೆಲ್ಲತಿ?" ಎಂದರು. ಮಾಸ್ತರರಲ್ಲಿ ಉತ್ತರವಿರಲಿಲ್ಲ. ಅವರು ತಾಯಿಯ ಬದಿಯಲ್ಲಿಯೇ ನೆಲಕ್ಕೆ ಕುಳಿತು, ಮಣ್ಣಿನ ಕೆಳಗೆ ಸಿಕ್ಕ ಆ ವಿಭೂತಿಯ ಕರಡಿಗೆಯನ್ನು ತಂದು ಅವರ ಕೈಯಲ್ಲಿಟ್ಟರು. ಅದರ ಮುಚ್ಚಳ ಜಜ್ಜಿಹೋಗಿತ್ತು. ತಾಯಿ ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಎದ್ದು ದಾರಿ ಬಿಟ್ಟರು. "ಹೊಲಕ್ಕ ಹಾಕ್ರಿ. ಮನಿ ಮಣ್ಣು ಬೆಳಿಗೆ ಛಲೋ" ಎಂದಷ್ಟೇ ಹೇಳಿದರು.

ಮಣ್ಣು ಹೊಲಕ್ಕೆ ಹೋಯಿತು. ಒಂದು ಬುಟ್ಟಿ ಹಿತ್ತಲ ಬಿಲ್ವಪತ್ರೆಯ ಬುಡಕ್ಕೆ ಸಂದಿತು. ಹಳೆಯ ಬೆಳಕಿಂಡಿಯ ಜಾಗದಲ್ಲಿಯೇ ಹೊಸ ಹಾಸಿನಲ್ಲಿಯೂ ಒಂದು ಬೆಳಕಿಂಡಿಯನ್ನು ಬಿಡಿಸಿದರು. ಗಟ್ಟಿಯಾಗಿದ್ದ ಸಾಗುವಾನಿ ಜಂತಿಗಳಲ್ಲಿ ಅರ್ಧ ಬಾಗಿಲ ಚೌಕಟ್ಟುಗಳಾದವು. ಉಳಿದರ್ಧವನ್ನು ಬಡಗಿಯಿಂದ ಉದ್ದನೆಯ ಮಣೆಗಳನ್ನಾಗಿ ಕೊಯ್ಯಿಸಿ, ಮಾಸ್ತರರು ಯಾರಿಗೂ ಹೇಳದೆ ಪ್ರಸಾದ ನಿಲಯಕ್ಕೆ ಕಳುಹಿಸಿಕೊಟ್ಟರು. ಅಜ್ಜನ ಮಾಳಿಗೆಯನ್ನು ಹೊತ್ತ ಮರ ಹುಡುಗರು ಊಟಕ್ಕೆ ಕೂಡುವ ಮಣೆಯಾಯಿತು.

ಹಿರಿಯರಿಂದ ಬಂದುದೆಲ್ಲವನ್ನೂ ಹೊರುವುದೇ ಭಕ್ತಿಯೆಂದು ತಿಳಿಯುವುದು ಸುಲಭ. ಎಲ್ಲವನ್ನೂ ಇಳಿಸುವುದೇ ಬುದ್ಧಿಯೆಂದು ತಿಳಿಯುವುದು ಅದಕ್ಕಿಂತಲೂ ಸುಲಭ. ವರ್ಷಕ್ಕೊಮ್ಮೆ ಏಣಿ ಹಾಕಿ ಮೇಲೇರಿ, ಇರುವುದೆಷ್ಟು, ತಾಳುವುದೆಷ್ಟು ಎಂದು ನೋಡಿ, ಹೊಸದನ್ನು ಹಾಕುವ ಮುನ್ನ ಹಳೆಯದನ್ನು ಒಂದಿಷ್ಟು ಕೆರೆಯುವುದು ಮಾತ್ರ ಕಷ್ಟದ ಕೆಲಸ. ಆ ಹಳ್ಳಿಯಲ್ಲಿ ಉಳಿದಿರುವ ಮಣ್ಣಿನ ಮಾಳಿಗೆಗಳ ಒಡೆಯರು ಈಗ ಮುಂಗಾರಿಗೆ ಮುನ್ನ ಆ ಕೆಲಸವನ್ನು ಮಾಡುತ್ತಾರೆ. ಮಾಸ್ತರರು ಕೆಳಗೆ ನಿಂತು ಅಳತೆಗೋಲನ್ನು ಕೊಡುತ್ತಾರೆ.