ಕೋಚ್ ಥಾಂಪ್ಸನ್ ಜೊತೆಗೆ ಕರ್ಕೊಂಡು ಹೋದವರು



ನಮ್ಮವರು ಯಾರಾದರೂ ಒಂದು ಕುರ್ಚಿ ಹತ್ತಿದರೆ ಸಾಕು, ‘ಈ ಹುದ್ದೆಗೇರಿದ ಮೊದಲ ದಲಿತ’ ಅಂತ ಪೋಸ್ಟರ್ ಮಾಡಿ ಹಂಚ್ತೀವಿ. ಅಮೆರಿಕದ ಬಾಸ್ಕೆಟ್‌ಬಾಲ್ ಕೋಚ್ ಜಾನ್ ಥಾಂಪ್ಸನ್‌ಗೂ 1984ರಲ್ಲಿ ಪತ್ರಕರ್ತರು ಇದನ್ನೇ ಕೇಳಿದರು: ಎನ್‌ಸಿಎಎ ಮೊದಲ ದರ್ಜೆಯ ಕಾಲೇಜು ಚಾಂಪಿಯನ್‌ಶಿಪ್ ಗೆದ್ದ ಮೊದಲ ಕಪ್ಪು ಕೋಚ್ ನೀವು, ಹೇಗನಿಸುತ್ತೆ? ಅವರು ಆ ಹಾರ ಹಾಕಿಸಿಕೊಳ್ಳಲಿಲ್ಲ. ನಾನೇ ಮೊದಲು ಅಂದ್ರೆ ಮುಂಚೆ ಯೋಗ್ಯರೇ ಇರಲಿಲ್ಲ ಅಂದ ಹಾಗಾಗುತ್ತೆ; ಇದ್ದರು, ಅವಕಾಶ ಕೊಡಲಿಲ್ಲ ಅನ್ನೋದು ಅವರ ಮಾತಿನ ಅರ್ಥ.

ವಾಷಿಂಗ್ಟನ್‌ನ ಹುಡುಗ. ಅಪ್ಪನಿಗೆ ಓದು ಬರಹ ಬರ್ತಿರಲಿಲ್ಲ. ಬಾಸ್ಟನ್ ಸೆಲ್ಟಿಕ್ಸ್‌ನಲ್ಲಿ ಎರಡು ವರ್ಷ ಆಡಿ, ಊರಿಗೆ ಬಂದು ಸೇಂಟ್ ಆಂಥೋನಿ ಹೈಸ್ಕೂಲಿಗೆ ಕೋಚ್ ಆದರು. 122 ಪಂದ್ಯ ಗೆದ್ದರು, ಸೋತಿದ್ದು 28. 1972ರಲ್ಲಿ, ಇಲ್ಲಿ ಮುಂಬೈನಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿದ ವರ್ಷವೇ, ಅದೇ ಊರಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಕರೆಯಿತು. ಹಿಂದಿನ ಸೀಸನ್‌ನ 26 ಪಂದ್ಯದಲ್ಲಿ ಮೂರೇ ಗೆದ್ದಿದ್ದ ತಂಡ. (ಮುಳುಗೋ ದೋಣಿಯನ್ನೇ ಅಲ್ವಾ ನಮ್ಮ ಕೈಗೂ ಕೊಡೋದು?) ಇನ್ನು ಆ ಸಂಸ್ಥೆ! ಅದನ್ನ ನಡೆಸ್ತಿದ್ದ ಜೆಸೂಟ್ ಪಾದ್ರಿಗಳು 1838ರಲ್ಲಿ 272 ಗುಲಾಮರನ್ನು ಮಾರಿ, ಆ ದುಡ್ಡಲ್ಲಿ ಕಾಲೇಜಿನ ಸಾಲ ತೀರಿಸಿದ್ದರು.

ಥಾಂಪ್ಸನ್ ಅಲ್ಲಿಗೆ ಒಬ್ಬರೇ ಹೋಗಲಿಲ್ಲ. ತಮ್ಮ ಹೈಸ್ಕೂಲಿನ ಹುಡುಗರನ್ನು ಕರ್ಕೊಂಡು ಹೋದರು. ಜೊತೆಗೆ ಅದೇ ಹೈಸ್ಕೂಲಿನ ಟೀಚರ್ ಮೇರಿ ಫೆನ್ಲನ್ ಅವರನ್ನೂ. ಆಟ ಕಲಿಸೋಕಲ್ಲ, ಹುಡುಗರ ಓದು ನೋಡ್ಕೊಳ್ಳೋಕೆ. ಪಂದ್ಯ ನಡೀವಾಗ ಆ ಮೇಡಂ ತಂಡದ ಬೆಂಚಿನಲ್ಲೇ ಕೂತಿರ್ತಿದ್ದರು.

ಯಡಿಯೂರಲ್ಲಿ ಕೂತು ಇದನ್ನೆಲ್ಲ ಯಾಕೆ ಬರೀತಿದೀನಿ ಅಂದ್ರೆ, ನಮ್ಮ ಏರಿಯಾದ ಹುಡುಗನೊಬ್ಬ, ಹೈಸ್ಕೂಲ್ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಕಲಿಸಿ ಕಪ್ ಮೇಲೆ ಕಪ್ ಗೆಲ್ಲಿಸಿದವನು, ಈಗ ಒಂದು ಖಾಸಗಿ ಕಾಲೇಜಿಗೆ ಕೋಚ್ ಆಗಿ ಹೋಗ್ತಿದಾನೆ. ಮೊನ್ನೆ ಕೆರೆ ಹತ್ರ ಸಿಕ್ಕಿ, ‘ಅಣ್ಣಾ, ಹುಡುಗ್ರನ್ನ ನಡುನೀರಲ್ಲಿ ಬಿಟ್ ಹೋಗ್ತಿದೀನಿ ಅನ್ಸುತ್ತೆ’ ಅಂದ. ಹೋಗಪ್ಪಾ ಅಂದೆ. ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು ಯಾರಿಗೆ ಅಂತ ಹೇಳೋ ಜಾಗದಲ್ಲಿ ನಮ್ಮವನೊಬ್ಬ ಇರ್ಲೇಬೇಕು. ಆದ್ರೆ ಸೀಟು ಸಿಕ್ಕಿದ ಮೇಲೇನು? ಕನ್ನಡ ಮೀಡಿಯಂ ಹುಡುಗ ಕಾಲೇಜಿಗೆ ಟ್ರೋಫಿ ತಂದ್ಕೊಡ್ತಾನೆ, ಇಂಗ್ಲಿಷ್, ಅಕೌಂಟ್ಸ್ ಎರಡರಲ್ಲೂ ಫೇಲಾಗ್ತಾನೆ, ಮೊಣಕಾಲು ಕೆಟ್ಟರೆ ಡೆಲಿವರಿ ಬ್ಯಾಗ್ ಹೊತ್ಕೋತಾನೆ. ಅಂಥವರಿಬ್ಬರು ನಮ್ಮ ಬೀದೀಲೇ ಇದಾರೆ. ಅದಕ್ಕೇ ಹೇಳ್ದೆ, ಸಂಬಳದ ಮಾತಾಡೋ ಮುಂಚೆ ಆ ಹುಡುಗ್ರಿಗೆ ಪಾಠ ಹೇಳೋಕೆ ಒಬ್ಬ ಮೇಷ್ಟ್ರನ್ನ ಕೇಳು ಅಂತ.

ಥಾಂಪ್ಸನ್ ಮೇಜಿನ ಮೇಲೆ ಗಾಳಿ ಇಳಿದ ಒಂದು ಚೆಂಡು ಇಟ್ಟಿರ್ತಿದ್ದರು. ಇದರೊಳಗಿನ ಗಾಳಿ ನಂಬ್ಕೊಂಡು ಬದುಕಬೇಡಿ ಅಂತ ಹುಡುಗರಿಗೆ ತೋರಿಸೋಕೆ. ಅವರ ಹತ್ರ ನಾಲ್ಕು ವರ್ಷ ಪೂರ್ತಿ ಆಡಿದ 78 ಜನರಲ್ಲಿ 76 ಜನ ಡಿಗ್ರಿ ಮುಗಿಸಿದರು.

ಸುಲಭಕ್ಕೆ ಆಗಿದ್ದಲ್ಲ. 1975ರಲ್ಲಿ ತಂಡ ಸಾಲಾಗಿ ಸೋಲ್ತಿದ್ದಾಗ, ಅವರದೇ ಕ್ರೀಡಾಂಗಣದಲ್ಲಿ ಬೆಡ್‌ಶೀಟ್ ಮೇಲೆ ಜನಾಂಗದ ಬೈಗುಳ ಬರೆದು, ತೊಲಗು ಅಂತ ನೇತುಹಾಕಿದ್ದರು. ಅದೇ ಸೀಸನ್‌ನಲ್ಲಿ ತಂಡ ರಾಷ್ಟ್ರೀಯ ಟೂರ್ನಿಗೆ ಹೋಯ್ತು.

1989ರ ಜನವರಿಯಲ್ಲಿ ಎನ್‌ಸಿಎಎ ಹೊಸ ನಿಯಮ ತಂತು. ಪ್ರವೇಶ ಪರೀಕ್ಷೆಯಲ್ಲಿ ನಿಗದಿತ ಅಂಕ ಬರದ ಆಟಗಾರರನ್ನ ಮೊದಲ ವರ್ಷ ಆಡೋದಕ್ಕೆ ಅದಾಗಲೇ ಬಿಡ್ತಿರಲಿಲ್ಲ. ಈಗ ಸ್ಕಾಲರ್‌ಶಿಪ್ಪೂ ಇಲ್ಲ ಅಂದರು. ಮೆರಿಟ್! ಟೆನಿಸ್‌ನ ಆರ್ಥರ್ ಆಶ್, ಅವರೂ ಕಪ್ಪು ಜನರೇ, ನಿಯಮದ ಪರ ನಿಂತರು. ಮಟ್ಟ ಏರಿಸಿದರೆ ಮಕ್ಕಳು ಓದ್ತಾರೆ ಅನ್ನೋ ವಾದ. ನಮ್ಮಲ್ಲೂ ಹಾಗನ್ನೋ ಹಿರಿಯರಿದ್ದಾರೆ, ಅವರ ಕಾಳಜಿ ಸುಳ್ಳಲ್ಲ. ಆದರೆ ಫೀಸು ಕಟ್ಟೋಕಾಗದ ಮಗುವಿನ ಮುಂದೆ ಗೇಟು ಹಾಕಿ, ಓದು ಅಂದರೆ ಎಲ್ಲಿ ಓದುತ್ತೆ?

ಜನವರಿ 14ರಂದು ಬಾಸ್ಟನ್ ಕಾಲೇಜ್ ವಿರುದ್ಧದ ಪಂದ್ಯ ಇನ್ನೇನು ಶುರುವಾಗಬೇಕು, ಥಾಂಪ್ಸನ್ ಎದ್ದು ಕೋರ್ಟ್ ಬಿಟ್ಟು ಹೊರನಡೆದರು. ಮುಂದಿನ ಪಂದ್ಯಕ್ಕೂ ಬರಲಿಲ್ಲ. ಅವರ ತಂಡದ ಹುಡುಗರೆಲ್ಲ ಆಗಲೇ ಒಳಗಿದ್ದರು. ಅವರು ಎದ್ದು ಹೋಗಿದ್ದು ಇನ್ನೂ ಯಾವ ಕಾಲೇಜಿನ ಗೇಟೂ ದಾಟದ ಮಕ್ಕಳಿಗಾಗಿ. ಒಂದು ವರ್ಷದಲ್ಲಿ ಎನ್‌ಸಿಎಎ ಆ ನಿಯಮ ಸಡಿಲಿಸಿತು.