ಗಣಿಯೂರಿನ ಚಳಿಗೆ ಕರೆಂಟಿನ ಬೆಂಕಿ

ಕೋಲಾರದ ಕಡೆ ಚಳಿ ಎಂದರೆ ಕೊಡಗಿನವರು, ಚಿಕ್ಕಮಗಳೂರಿನವರು ನಗುತ್ತಾರೆ. ನಗಲಿ. ಬಯಲುಸೀಮೆಯ ಈ ಮೂಲೆ ಸಮುದ್ರಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವಗಳಲ್ಲಿ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕೂ ಕೆಳಗೆ. ಕಾಶ್ಮೀರದವರಿಗೆ ಇದು ಚಳಿಯೇ ಅಲ್ಲ. ಆದರೆ ಅಲ್ಲಿನ ಮನೆಗಳನ್ನು ಚಳಿಗೆಂದೇ ಕಟ್ಟಿರುತ್ತಾರೆ. ನಮ್ಮ ಮನೆಗಳನ್ನು ಬಿಸಿಲಿಗೆಂದು ಕಟ್ಟಿದ್ದಾರೆ. ಗಣಿಯ ಲೈನ್ ಮನೆಗಳನ್ನಂತೂ ಯಾವುದಕ್ಕೆಂದು ಕಟ್ಟಿದರೋ ಕಟ್ಟಿಸಿದವರೇ ಹೇಳಬೇಕು. ಶೀಟಿನ ಮಾಡು, ಸಿಮೆಂಟಿನ ನೆಲ, ಗೋಡೆಗೂ ಮಾಡಿಗೂ ನಡುವೆ ಕೈ ತೂರುವಷ್ಟು ಸಂದು. ಸೈನೈಡ್ ದಿಬ್ಬಗಳ ಕಡೆಯಿಂದ ಬೀಸುವ ಗಾಳಿ ಆ ಸಂದಿನಿಂದ ಒಳಗೆ ನುಗ್ಗಿದರೆ ಎರಡು ರಜಾಯಿ ಹೊದ್ದರೂ ಸಾಲದು. ಆ ಮನೆಯಲ್ಲಿ ಇರುವವರು ಎಂಬತ್ತರ ಹತ್ತಿರದವರಾಗಿದ್ದು, ಎದೆಯೂ ಗಟ್ಟಿಯಿಲ್ಲದಿದ್ದರೆ ಚಳಿ ಎಂಬುದು ಕಾಯಿಲೆಯ ಇನ್ನೊಂದು ಹೆಸರು.

ನಾವಿರುವುದು ಬಂಗಾರಪೇಟೆಯಲ್ಲಿ. ಊರಿನ ಹೆಸರು ಹೇಳಿದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಇಲ್ಲಿಯ ತಿಳಿನೀರಿನ ಪಾನಿಪೂರಿ, ಆಮೇಲೆ ರೈಲ್ವೆ ಜಂಕ್ಷನ್. ಅಬ್ಬಾ ಇರುವುದು ಚಾಂಪಿಯನ್ ರೀಫ್ಸಿನ ಹಳೆಯ ಲೈನಿನಲ್ಲಿ. ಮಾರಿಕುಪ್ಪಂ ರೈಲು ಹತ್ತಿದರೆ ದೂರವೇನಿಲ್ಲ. ಅಮ್ಮಿ ತೀರಿಕೊಂಡ ಮೇಲೆ ನಮ್ಮ ಜೊತೆ ಬಂದು ಇರಿ ಎಂದು ಎಷ್ಟು ಕರೆದರೂ ಅವರು ಬರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಊರು ಬಿಡದವರು ಈಗ ಬಿಡುತ್ತಾರೆಯೇ? ನೆಲದೊಳಗೆ ವೈರ್‌ಮನ್ ಆಗಿ ದುಡಿದವರು ಅವರು. ಗಣಿಯ ಧೂಳು ಕುಡಿದ ಶ್ವಾಸಕೋಶ. ಮೂರು ವರ್ಷದ ಹಿಂದೆ ಡಿಸೆಂಬರಿನಲ್ಲಿ ಕೆಮ್ಮು ಕಫಕ್ಕೆ ತಿರುಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಬಿಡುಗಡೆಯಾಗುವಾಗ ಡಾಕ್ಟರು ಹೇಳಿದ್ದು ಎರಡೇ ಮಾತು: ಬೆಚ್ಚಗಿಡಿ, ಹೊಗೆಯಿಂದ ದೂರವಿಡಿ. ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆ ಎಂಬುದನ್ನು ಅವರು ಹೇಳಲಿಲ್ಲ. ಏಕೆಂದರೆ ಆ ಲೈನಿನಲ್ಲಿ ಬೆಚ್ಚಗಾಗುವುದು ಎಂದರೆ ಇದ್ದಿಲಿನ ಅಂಗೀಠಿ ಎಂದೇ ಅರ್ಥ.

ಈ ಊರಿಗೂ ಶಾಖಕ್ಕೂ ಇರುವ ಸಂಬಂಧ ವಿಚಿತ್ರವಾದದ್ದು. ಚಾಂಪಿಯನ್ ರೀಫ್ ಗಣಿ ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಬಂಡೆಯ ಬಿಸಿಯೇ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮನುಷ್ಯ ಅಲ್ಲಿ ಉಸಿರಾಡಬೇಕಾದರೆ ಮೇಲೆ ಗಾಳಿಯನ್ನು ಯಂತ್ರಗಳಿಂದ ತಣ್ಣಗೆ ಮಾಡಿ ಒಳಗೆ ನೂಕಬೇಕಿತ್ತು. "ಕೆಳಗೆ ಒಂದು ಲಂಗೋಟಿ ಹೆಚ್ಚು ಅನ್ನಿಸುತ್ತಿತ್ತು, ಮೇಲೆ ಬಂದರೆ ಕಂಬಳಿ ಕಡಿಮೆ ಅನ್ನಿಸುತ್ತಿತ್ತು" ಎಂದು ಅಬ್ಬಾ ಈಗಲೂ ಹೇಳುತ್ತಾರೆ. ರಾತ್ರಿ ಪಾಳಿ ಮುಗಿಸಿ ಬೆವರಿನಲ್ಲಿ ತೊಯ್ದು ಕೇಜಿನಿಂದ ಹೊರಬಂದವರನ್ನು ಜನವರಿಯ ಗಾಳಿ ಹಿಡಿದು ಅಲುಗಾಡಿಸುತ್ತಿತ್ತಂತೆ.

ಇನ್ನು ಕರೆಂಟಿನ ಮಾತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ, 1902ರಲ್ಲಿ, ಶಿವನಸಮುದ್ರದ ಕಾವೇರಿ ನೀರಿನಿಂದ ಹುಟ್ಟಿದ ಕರೆಂಟು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೆಜಿಎಫ್ ತಲುಪಿತ್ತು. ಆಗಿನ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆ. ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಒಂದನ್ನು ಮರೆಯಬಾರದು: ಆ ಕರೆಂಟು ಬಂದದ್ದು ಚಿನ್ನಕ್ಕಾಗಿ, ತಟ್ಟಿ ಮನೆಗಳ ಜನರಿಗಾಗಿ ಅಲ್ಲ. ಬಿದಿರು ತಟ್ಟಿಯ ಗೋಡೆಯ ಆ ಗೂಡುಗಳಲ್ಲಿ ಕೂಲಿಯವರು ಸೌದೆ ಉರಿಸಿ ಮೈ ಕಾಯಿಸಿಕೊಳ್ಳುತ್ತಿದ್ದಾಗ ದಿಬ್ಬದ ಮೇಲಿನ ದೊರೆಗಳ ಬಂಗಲೆಗಳಲ್ಲಿ ಹೊಗೆಕೊಳವೆಯಿರುವ ಅಗ್ಗಿಷ್ಟಿಕೆ ಇತ್ತು. ಕೆಜಿಎಫ್ ಅನ್ನು ಪುಟ್ಟ ಇಂಗ್ಲೆಂಡ್ ಎಂದು ಕರೆದವರು ಆ ಬಂಗಲೆಗಳ ಕಡೆಯಿಂದ ನೋಡಿದವರೇ ಇರಬೇಕು.

ಅಂಗೀಠಿಯ ವಿಷಯಕ್ಕೆ ಬರೋಣ. ಇದ್ದಿಲಿನ ಕೆಂಡ ನೋಡಲು ಸಾಧು. ಹೊಗೆಯಿಲ್ಲ, ಜ್ವಾಲೆಯಿಲ್ಲ. ಆದ್ದರಿಂದಲೇ ಅಪಾಯ. ಗಾಳಿ ಸಾಲದ ಕಡೆ ಇದ್ದಿಲು ಉರಿದರೆ ಕಾರ್ಬನ್ ಮೋನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. ಬಾಗಿಲು ಹಾಕಿ ಕೆಂಡವಿಟ್ಟು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿಯನ್ನು ಚಳಿಗಾಲದಲ್ಲಿ ನಾವೆಲ್ಲ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಇದನ್ನು ಹೇಳಿದರೆ ಅಬ್ಬಾ, "ಮಗಾ, ಗಣಿಯಲ್ಲಿ ಗ್ಯಾಸು ನೋಡಿದವನಿಗೆ ಗ್ಯಾಸಿನ ಪಾಠವೇ?" ಎಂದು ಕೇಳಿದರು. "ಹಾಗಾದರೆ ಅಬ್ಬಾ, ಬ್ಲಾಸ್ಟಿಂಗ್ ಆದ ಮೇಲೆ ಹೊಗೆ ಪೂರ್ತಿ ಹೋಗುವ ತನಕ ನೀವು ಒಳಗೆ ಹೋಗುತ್ತಿದ್ದಿರಾ?" ಎಂದೆವು. ಅವರು ಉತ್ತರ ಕೊಡಲಿಲ್ಲ. ಆದರೆ ಅಂಗೀಠಿ ಅಂದಿನಿಂದ ವರಾಂಡಕ್ಕೆ ಹೋಯಿತು.

ನಿಜ ಹೇಳಬೇಕೆಂದರೆ ಅಷ್ಟು ವರ್ಷ ಆ ಲೈನಿನವರ ಜೀವ ಕಾಪಾಡಿದ್ದು ಮಾಡಿನ ಆ ಸಂದೇ. ಚಳಿಯನ್ನು ಒಳಗೆ ಬಿಟ್ಟ ಸಂದೇ ವಿಷವನ್ನು ಹೊರಗೂ ಬಿಡುತ್ತಿತ್ತು. ಕೆಂಡವಿರುವ ತನಕ ಸಂದು ಮುಚ್ಚುವಂತಿಲ್ಲ, ಸಂದು ಮುಚ್ಚದೆ ಮನೆ ಬೆಚ್ಚಗಾಗುವುದಿಲ್ಲ. ಈ ಗಂಟು ಬಿಡಿಸಲು ಕರೆಂಟಿನ ಹೀಟರ್ ಬಿಟ್ಟು ಬೇರೆ ದಾರಿ ನಮಗೆ ಕಾಣಲಿಲ್ಲ.

ಬೆಂಗಳೂರಿನ ಅಂಗಡಿಯೊಂದರಲ್ಲಿ ನಮಗೆ ಮೊದಲು ತೋರಿಸಿದ್ದು ಕರೆಂಟಿನ ಅಗ್ಗಿಷ್ಟಿಕೆ. ಗಾಜಿನ ಹಿಂದೆ ಸೌದೆಯಂಥ ಪ್ಲಾಸ್ಟಿಕ್, ಅದರ ಮೇಲೆ ಕುಣಿಯುವ ಕಿತ್ತಳೆ ಬಣ್ಣದ ಜ್ವಾಲೆ. ಜ್ವಾಲೆಯೆಂದರೆ ಬರೀ ದೀಪದ ಆಟ. ಬಿಸಿ ಕೊಡುವುದು ಒಳಗಿರುವ ಒಂದು ಕಾಯಿಲ್ ಮತ್ತು ಫ್ಯಾನು. ಅಮೆರಿಕದ ಚಳಿಯ ಹಳ್ಳಿಗಳಲ್ಲಿ ಇದನ್ನು ಒಂದು ಕೋಣೆಯ ಹೆಚ್ಚುವರಿ ಶಾಖಕ್ಕೆಂದು ಬಳಸುತ್ತಾರೆ. ಇಡೀ ಮನೆಗೆ ಬೇರೆ ವ್ಯವಸ್ಥೆ ಇರುತ್ತದೆ, ಕೂರುವ ಕೋಣೆಗೆ ಇದು. ಅಲ್ಲಿ 120 ವೋಲ್ಟಿನ ಸಾಮಾನ್ಯ ಪ್ಲಗ್ಗಿಗೆ ಹೊಂದಬೇಕಾದ್ದರಿಂದ ಸಾಮಾನ್ಯವಾಗಿ 1500 ವಾಟ್ ಮೀರುವುದಿಲ್ಲ. ನೋಡಲು ಚೆಂದ. ಆದರೆ ಚೆಂದಕ್ಕೆ ಕೊಡುವ ಹಣ ನಮ್ಮಲ್ಲಿರಲಿಲ್ಲ.

ಅಂಗಡಿಯವರು ಹೇಳದ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಕರೆಂಟನ್ನು ನೇರವಾಗಿ ಬಿಸಿ ಮಾಡುವ ಯಾವ ಹೀಟರ್ ಆದರೂ ಒಂದು ಯೂನಿಟ್ಟಿಗೆ ಕೊಡುವ ಶಾಖ ಒಂದೇ, ಸುಮಾರು 860 ಕಿಲೋಕ್ಯಾಲರಿ. ಸಾವಿರ ರೂಪಾಯಿಯ ರಾಡ್ ಹೀಟರ್ ಇರಲಿ, ಎಣ್ಣೆ ತುಂಬಿದ ರೇಡಿಯೇಟರ್ ಇರಲಿ, ಗಾಜಿನ ಹಿಂದೆ ಜ್ವಾಲೆ ಕುಣಿಯುವುದಿರಲಿ, ಲೆಕ್ಕ ಬದಲಾಗದು. "ಇದು ಕರೆಂಟು ಉಳಿಸುತ್ತದೆ" ಎಂದರೆ ಅದರ ವಾಟ್ ಕಡಿಮೆ ಇರಬೇಕು ಅಥವಾ ಬೆಚ್ಚಗಾದೊಡನೆ ತಾನಾಗಿ ಆಫ್ ಆಗುವ ಥರ್ಮೋಸ್ಟಾಟ್ ಇರಬೇಕು. ವ್ಯತ್ಯಾಸವಿರುವುದು ಶಾಖ ಹರಡುವ ರೀತಿಯಲ್ಲಿ. ಕೆಂಪಗೆ ಹೊಳೆಯುವ ರಾಡು ಎದುರಿಗಿದ್ದವರನ್ನು ಬಿಸಿಲಿನಂತೆ ಕಾಯಿಸುತ್ತದೆ. ಗಾಳಿ ಸೋರುವ ಮನೆಗೆ ಅದೇ ವಾಸಿ. ಎಣ್ಣೆಯ ರೇಡಿಯೇಟರ್ ಕೋಣೆಯ ಗಾಳಿಯನ್ನು ನಿಧಾನವಾಗಿ ಬಿಸಿ ಮಾಡುತ್ತದೆ. ಹೊಳೆಯುವ ರಾಡಿಲ್ಲ, ರಜಾಯಿಯ ಅಂಚು ತಗಲಿದೊಡನೆ ಹೊತ್ತಿಕೊಳ್ಳುವ ಭಯ ಕಡಿಮೆ. ಆದರೆ ಸಂದುಗಳನ್ನು ಮುಚ್ಚಿರಬೇಕು. ರಾತ್ರಿ ಒಬ್ಬರೇ ಇರುವ ಮುದುಕರ ಮನೆಗೆ ನಾವು ಎರಡನೆಯದನ್ನು ಆರಿಸಿದೆವು. ಬೆಲೆ ಹೆಚ್ಚೇ ಆಯಿತು. ಅಕ್ಕ, ಭಾವ, ನಾವು ಹಂಚಿಕೊಂಡೆವು.

ಕೊಂಡು ತಂದೊಡನೆ ಹಚ್ಚಲು ಆಗಲಿಲ್ಲ. ಅಬ್ಬಾ ಬಿಡಲಿಲ್ಲ. ಹಳೆಯ ವೈರ್‌ಮನ್ ಅಲ್ಲವೇ! ಗೋಡೆಯ ಸಾಕೆಟ್ಟನ್ನು ಬಿಚ್ಚಿ ತೋರಿಸಿ ಲೆಕ್ಕ ಹೇಳಿದರು: 2000 ವಾಟ್ ಹೀಟರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ನಮ್ಮ ಮನೆಗಳ ಚಿಕ್ಕ ಸಾಕೆಟ್ ಇರುವುದು ಟಿ.ವಿ., ಮೊಬೈಲಿಗೆ, 6 ಆಂಪಿಯರಿಗೆ. ಅದಕ್ಕೆ ಹೀಟರ್ ಚುಚ್ಚಿದರೆ ಗೋಡೆಯೊಳಗೆ ವೈರು ಕಾಯುತ್ತದೆ, ನಮಗೆ ಕಾಣುವುದಿಲ್ಲ. ಪಕ್ಕದ ಲೈನಿನಲ್ಲಿ ಒಬ್ಬರು ಎಕ್ಸ್‌ಟೆನ್ಷನ್ ಬೋರ್ಡಿಗೆ ಹೀಟರ್, ನೀರು ಕಾಯಿಸುವ ರಾಡು ಎರಡನ್ನೂ ಹಾಕಿದ್ದಕ್ಕೆ ಬೋರ್ಡು ಕರಗಿ ಮೇಣದಂತಾಗಿತ್ತು. ಮನೆಯವರು ಎಚ್ಚರವಿದ್ದರು, ಬಚಾವಾದರು. ಕೊನೆಗೆ ಮೀಟರ್ ಬೋರ್ಡಿನಿಂದ ದಪ್ಪ ವೈರಿನ ಬೇರೆ ಲೈನ್ ಎಳೆದು, 16 ಆಂಪಿಯರಿನ ಸಾಕೆಟ್ ಕೂರಿಸಿ, ಅರ್ಥಿಂಗ್ ಸರಿಯಿದೆಯೇ ಎಂದು ನೋಡಿ ಆದ ಮೇಲೆ ಹೀಟರ್ ಹಚ್ಚಿದ್ದು. ಕೆಲಸಕ್ಕೆ ಬಂದ ಹುಡುಗ ಪ್ರತಿಯೊಂದು ಸ್ಕ್ರೂವಿಗೂ ಅಬ್ಬಾನ ಪರೀಕ್ಷೆಗೆ ಒಳಗಾಗಿ, ಹೋಗುವಾಗ "ತಾತ ನಮ್ಮ ಐಟಿಐ ಮೇಷ್ಟ್ರಿಗಿಂತ ಜಾಸ್ತಿ" ಎಂದು ಗೊಣಗಿದ.

ಮೊದಲ ರಾತ್ರಿ ಎರಡು ಗಂಟೆ ಉರಿಸಿದರೂ ಕೋಣೆ ಅಷ್ಟಕ್ಕಷ್ಟೇ. ಶಾಖವೆಲ್ಲ ಮೇಲೇರಿ ಶೀಟಿನಿಂದ ಆಚೆ ಹೋಗುತ್ತಿತ್ತು. ಕಲ್ನಾರಿನ ಶೀಟು ಬೇಸಿಗೆಯಲ್ಲಿ ಬಿಸಿಲನ್ನು ಒಳಗೆ ತರುವಷ್ಟೇ ಧಾರಾಳವಾಗಿ ಚಳಿಗಾಲದಲ್ಲಿ ಶಾಖವನ್ನು ಹೊರಗೆ ಕಳಿಸುತ್ತದೆ. ಥರ್ಮೋಕೋಲ್ ಹೊಡೆಸಿ ಎಂದರು ಒಬ್ಬರು. ಬೆಂಕಿ ತಗುಲಿದರೆ ಅದು ಕರಗಿ ಸುರಿಯುತ್ತದೆ, ವಿಷದ ಹೊಗೆ ಬೇರೆ. ಶೀಟಿಗೆ ತೂತು ಕೊರೆಯುವುದೂ ಬೇಡ. ಕಲ್ನಾರಿನ ಪುಡಿ ಮೊದಲೇ ಕೆಟ್ಟ ಎದೆಗೆ ಇನ್ನೊಂದು ಶತ್ರು. ಹಾಗಾಗಿ ಅಡ್ಡ ತೊಲೆಗಳಿಗೆ ಬಿದಿರು ಚಾಪೆ ಬಿಗಿದು, ಶೀಟಿಗೂ ಚಾಪೆಗೂ ನಡುವೆ ಒಂದಡಿ ಗಾಳಿ ಬಿಟ್ಟು ಚಾವಣಿ ಮಾಡಿದೆವು. ಗೋಡೆಯ ಸಂದಿಗೆ ಗಾರೆ ತುಂಬಿ, ಎದುರು ಬದುರು ಎರಡು ಚಿಕ್ಕ ತೂತುಗಳನ್ನು ಮಾತ್ರ ಉಳಿಸಿದೆವು. ನೂರು ವರ್ಷದ ಹಿಂದೆ ಇದೇ ಲೈನಿನಲ್ಲಿ ಗೋಡೆಯಾಗಿದ್ದ ಬಿದಿರು ಈಗ ಚಾವಣಿಯಾಗಿ ವಾಪಸು ಬಂತು. ಅದಾದ ಮೇಲೆ ಹೀಟರನ್ನು 1000 ವಾಟಿಗೆ ಇಳಿಸಿದರೂ ಒಂದು ಗಂಟೆಯಲ್ಲಿ ನಾಲ್ಕೈದು ಡಿಗ್ರಿ ಏರತೊಡಗಿತು. ಖರ್ಚಿನ ದೃಷ್ಟಿಯಿಂದ ನೋಡಿದರೆ ಹೀಟರಿಗಿಂತ ಚಾಪೆಯೇ ದೊಡ್ಡ ಕೆಲಸ ಮಾಡಿತು ಎನ್ನಬೇಕು.

ಈಗ ಬಿಲ್ಲಿನ ಮಾತು, ಅದಿಲ್ಲದೆ ಈ ಲೇಖನ ಯಾರಿಗೆ ಬೇಕು? 1000 ವಾಟ್ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ದಿನಕ್ಕೆ ನಾಲ್ಕು ಗಂಟೆಯಾದರೆ ತಿಂಗಳಿಗೆ 120 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ತನಕ ಉಚಿತ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಪ್ರತಿ ಮನೆಗೂ 200 ಸಿಗುವುದಿಲ್ಲ. ಆ ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ ಹೆಚ್ಚುವರಿ, ಅಷ್ಟೇ ಉಚಿತ. ಅದನ್ನು ದಾಟಿದ್ದಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಒಂದು ಬಲ್ಬು, ಒಂದು ಫ್ಯಾನಿನಲ್ಲಿ ಬದುಕಿದ ಮುದುಕರ ಸರಾಸರಿ ಎಷ್ಟಿರುತ್ತದೆ? ಕಡಿಮೆ ಬಳಸಿ ಬದುಕಿದ ಬಡವನಿಗೆ ಉಚಿತವೂ ಕಡಿಮೆ. ಈ ಲೆಕ್ಕದಲ್ಲಿ ನ್ಯಾಯವಿಲ್ಲ ಎಂದೇ ನಮ್ಮ ಅಭಿಪ್ರಾಯ. ಚಳಿಗೆ, ಕಾಯಿಲೆಗೆ ಹೆಚ್ಚು ಕರೆಂಟು ಬೇಕಾದ ಮನೆಗೆ ಆ ಎರಡು ಮೂರು ತಿಂಗಳು ಸಡಿಲಿಕೆ ಇದ್ದರೆ ಸರ್ಕಾರದ ಖಜಾನೆ ಬರಿದಾಗುವುದಿಲ್ಲ. ಯೂನಿಟ್ಟಿಗೆ ಸುಮಾರು ಆರು ರೂಪಾಯಿಯಂತೆ 120 ಯೂನಿಟ್ಟಿಗೆ ಏಳುನೂರು ರೂಪಾಯಿ ಚಿಲ್ಲರೆ. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳಿರುವವರಿಗೆ ಇದು ಕಷ್ಟವಲ್ಲದಿರಬಹುದು. ಬೆಳಗಿನ ಕತ್ತಲಲ್ಲಿ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮನೆಗೆ ಅದು ದೊಡ್ಡ ಮೊತ್ತ.

ಆದ್ದರಿಂದ ನಾವು ಗಂಟೆಗಳನ್ನು ಕಡಿಮೆ ಮಾಡಿದೆವು. ರಾತ್ರಿ ಎಂಟರಿಂದ ಒಂಬತ್ತೂವರೆ, ಬೆಳಿಗ್ಗೆ ಫಜ್ರ್‌ಗೆ ಏಳುವ ಮೊದಲು ಅರ್ಧ ಗಂಟೆ. ನಡುವಿನ ರಾತ್ರಿಗೆ ಬಿಸಿನೀರಿನ ಚೀಲ, ಉಣ್ಣೆಯ ಟೋಪಿ, ಕಾಲುಚೀಲ, ನೆಲದಿಂದ ಎತ್ತರದ ಮಂಚ. ಕೋಣೆಯನ್ನೆಲ್ಲ ಕಾಯಿಸುವ ಬದಲು ಮನುಷ್ಯನನ್ನು ಕಾಯಿಸುವುದು ಅಗ್ಗ. ಕಾಶ್ಮೀರಿಗಳು ಕಾಂಗಡಿಯನ್ನು ಫೆರನ್ನಿನೊಳಗೆ ಇಟ್ಟುಕೊಳ್ಳುವುದೂ ಇದೇ ಲೆಕ್ಕದಿಂದ. ವುಝೂಗೆ ಬೆಚ್ಚನೆಯ ನೀರು ಥರ್ಮಾಸಿನಲ್ಲಿ ರಾತ್ರಿಯೇ ಸಿದ್ಧವಾಗಿರುತ್ತದೆ. ತಣ್ಣೀರಿಗೆ ಕೈಯೊಡ್ಡಿದೊಡನೆ ಶುರುವಾಗುತ್ತಿದ್ದ ಕೆಮ್ಮು ಇದರಿಂದಲೇ ಎಷ್ಟೋ ತಗ್ಗಿತು.

ಕಳೆದ ಎರಡು ಚಳಿಗಾಲದಲ್ಲಿ ಅಬ್ಬಾ ಆಸ್ಪತ್ರೆ ಸೇರಲಿಲ್ಲ. ಹೀಟರಿನಿಂದಲೋ, ಚಾಪೆಯಿಂದಲೋ, ಅಂಗೀಠಿ ಹೊರಗೆ ಹೋದದ್ದರಿಂದಲೋ, ಅಲ್ಲಾಹನೇ ಬಲ್ಲ. ರಾತ್ರಿ ಎಂಟಕ್ಕೆ ಪಕ್ಕದ ಮನೆಯ ಅಜ್ಜಿ ಎಲೆಯಡಿಕೆ ಚೀಲದೊಂದಿಗೆ ಬಂದು ಹೀಟರಿನ ಎದುರು ಕೂರುತ್ತಾರೆ. ಅವರ ಗಂಡನೂ ಗಣಿಯವರೇ, ಎದೆಯ ರೋಗದಲ್ಲೇ ಹೋದರು. "ಭಾಯ್, ನೆಲದ ಕೆಳಗೆ ಇದ್ದ ಬಿಸಿಯನ್ನೆಲ್ಲ ಅಲ್ಲೇ ಬಿಟ್ಟು ಬಂದು ಈಗ ದುಡ್ಡು ಕೊಟ್ಟು ಕೊಳ್ಳುತ್ತಿದ್ದೀರಿ" ಎಂದು ತಮಿಳಿನಲ್ಲಿ ಛೇಡಿಸುತ್ತಾರೆ. ಮುಚ್ಚಿದ ಮೇಲೆ ಗಣಿಯ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ. ಅಷ್ಟು ಆಳದಲ್ಲಿ ಆ ನೀರೂ ಬಿಸಿಯಾಗಿಯೇ ಇರಬೇಕು ಎಂದು ಅಬ್ಬಾ ವಾದಿಸುತ್ತಾರೆ. ಬೇರೆ ದೇಶಗಳಲ್ಲಿ, ನೆದರ್ಲೆಂಡಿನ ಹೀರ್ಲೆನ್ ಊರಿನಲ್ಲಿ, ಮುಚ್ಚಿದ ಕಲ್ಲಿದ್ದಲ ಗಣಿಯ ನೀರಿನಿಂದ ಮನೆ, ಕಚೇರಿಗಳನ್ನು ಬೆಚ್ಚಗೆ ಮಾಡುತ್ತಿದ್ದಾರೆ ಎಂದು ಹೇಳಿದಾಗ ಇಬ್ಬರೂ ನಂಬಲಿಲ್ಲ.

ಈ ವರ್ಷ ಅಜ್ಜಿಯ ಮನೆಗೂ ಬಿದಿರು ಚಾಪೆ ಕಟ್ಟಿಸಬೇಕು. ಹೀಟರ್ ಆಮೇಲೆ ನೋಡೋಣ, ಮೊದಲು ವೈರಿಂಗ್ ನೋಡುತ್ತೇನೆ ಎಂದು ಅಬ್ಬಾ ಟೆಸ್ಟರ್ ಹುಡುಕಿ ಇಟ್ಟುಕೊಂಡಿದ್ದಾರೆ.