ಅಳತೆಗೋಲಿನ ನ್ಯಾಯ

ನಮ್ಮ ಗೋಕಾಕ ಸೀಮೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯವನ್ನು ನೋಡದವರು ವಿರಳ. ಕಲ್ಲಿಗೆ ದಾಕ್ಷಿಣ್ಯವೆಂಬುದಿಲ್ಲ. ಎತ್ತಲು ಬಂದವನು ಗೌಡರ ಮಗನೋ ಕೂಲಿಯವನ ಮಗನೋ ಎಂದು ಅದು ವಿಚಾರಿಸುವುದಿಲ್ಲ; ಯಾರನ್ನು ಕಂಡರೂ ತನ್ನ ತೂಕವನ್ನು ಗುಲಗಂಜಿಯಷ್ಟೂ ಇಳಿಸಿಕೊಳ್ಳುವುದಿಲ್ಲ. ಆದುದರಿಂದಲೇ ಅದನ್ನು ಎತ್ತಿದವನಿಗೆ ಊರವರು ಸುತ್ತುವ ರುಮಾಲಿಗೆ ಅಷ್ಟು ಬೆಲೆ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆಯ ಶಾಲೆಗಳಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು ಒಂದು ನೋಟವನ್ನು ಹಲವು ಸಲ ಕಂಡಿದ್ದೇನೆ. ಆಟದ ಗಂಟೆ ಬಾರಿಸಿದೊಡನೆ ಮಕ್ಕಳೆಲ್ಲ ಬಯಲಿಗೆ ಓಡುವರು. ಕಾಲಿನಲ್ಲಿ ಊನವಿರುವ ಬಾಲಕನೊಬ್ಬನು ಮಾತ್ರ ಬೇವಿನ ಮರದ ನೆರಳಿನಲ್ಲಿ ಉಳಿದವರ ಚಪ್ಪಲಿಗಳನ್ನೂ ಪಾಟಿಚೀಲಗಳನ್ನೂ ಕಾಯುತ್ತ ಕುಳಿತಿರುವನು. ಅವನನ್ನು ಯಾರೂ ಹಂಗಿಸುತ್ತಿರಲಿಲ್ಲ. ‘ಪಾಪ, ಕುಂತಿರಲಿ ಬಿಡು’ ಎನ್ನುತ್ತಿದ್ದರು. ಆ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ಕನಿಕರವೇ ಇದ್ದಿತು. ಆದರೆ ಅವನನ್ನು ಬಯಲಿಗೆ ಇಳಿಯದಂತೆ ತಡೆದುದೂ ಆ ಕನಿಕರವೇ. ಯಾರು ಎಷ್ಟು ದೂರ ಹಾರಿದರು, ಎಷ್ಟು ಎತ್ತರ ಜಿಗಿದರು ಎಂಬುದೆಲ್ಲ ಅವನಿಗೆ ಬಾಯಿಪಾಠ. ತಾನೆಷ್ಟು ಜಿಗಿಯಬಲ್ಲೆನೆಂಬುದೊಂದು ಮಾತ್ರ ತಿಳಿಯದು. ಅದನ್ನು ಯಾರೂ ಅಳೆದಿರಲೇ ಇಲ್ಲವಲ್ಲ!

ಅಂತಹ ಬಾಲಕರನ್ನು ನೆನೆದಾಗಲೆಲ್ಲ ನನಗೆ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರ ಹೆಸರು ನೆನಪಾಗುತ್ತದೆ. 1988ರ ಜನವರಿ 26ರಂದು ಜನಿಸಿದ ಇವರಿಗೆ ಹುಟ್ಟಿನಿಂದಲೇ ಎಡಗಾಲಿನಲ್ಲಿ ಊನವಿತ್ತು. ಇವರು ಆರಿಸಿಕೊಂಡದ್ದು ಎತ್ತರ ಜಿಗಿತ. ಕಾಲಿನ ಬಲವನ್ನೇ ಮೊದಲು ಕೇಳುವ ಆಟ! 2012ರಲ್ಲಿ ಲಂಡನ್ನಿನಲ್ಲಿ ನಡೆದ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ, ಕಾಲುಗಳನ್ನು ಕತ್ತರಿಯಂತೆ ಆಡಿಸಿ ದಾಟುವ ಬಗೆಯಿಂದ, ಇವರು 1.74 ಮೀಟರ್ ಎತ್ತರದ ಅಡ್ಡಕೋಲನ್ನು ದಾಟಿದರು. ಬೆಳ್ಳಿಯ ಪದಕ ದೊರೆಯಿತು. ಆ ವರ್ಷ ಅಲ್ಲಿ ಭಾರತಕ್ಕೆ ಬಂದ ಪದಕ ಅದೊಂದೇ. 2013ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ 2014ರಲ್ಲಿ ಅರ್ಜುನ ಪ್ರಶಸ್ತಿಯೂ ಅವರನ್ನು ಅರಸಿ ಬಂದವು.

ಆ ಸ್ಪರ್ಧೆಯ ಇನ್ನೊಂದು ಸಂಗತಿ ಗಮನಾರ್ಹವಾದುದು. ಚಿನ್ನ ಗೆದ್ದ ಫಿಜಿ ದ್ವೀಪಗಳ ಇಲಿಯೆಸಾ ಡೆಲಾನಾ ಬಾಲ್ಯದಲ್ಲಿಯೇ ಒಂದು ಕಾಲನ್ನು ಕಳೆದುಕೊಂಡವರು. ಅವರು ದಾಟಿದುದೂ 1.74 ಮೀಟರ್. ಕಂಚು ಪಡೆದ ಪೋಲೆಂಡಿನ ಸ್ಪರ್ಧಿ ದಾಟಿದುದೂ ಅಷ್ಟೇ. ಎತ್ತರ ಸಮನಾದಾಗ, ಕಡಿಮೆ ಬಾರಿ ಎಡವಿದವರಿಗೆ ಮೇಲಿನ ಸ್ಥಾನ ಎಂಬುದು ಆ ಆಟದ ನಿಯಮ. ‘ಮೂವರೂ ಕಷ್ಟಪಟ್ಟಿದ್ದಾರೆ, ಮೂವರಿಗೂ ಚಿನ್ನ ಕೊಟ್ಟುಬಿಡೋಣ’ ಎಂದು ಯಾರೂ ಅನ್ನಲಿಲ್ಲ. ಆ ಕಟ್ಟುನಿಟ್ಟೇ ಅವರಿಗೆ ಸಂದ ಗೌರವ. ಮೂವರನ್ನೂ ದುರ್ದೈವಿಗಳೆಂದಲ್ಲ, ಕ್ರೀಡಾಪಟುಗಳೆಂದು ಅಳೆದರು.

ಹಾಗಾದರೆ ಎಲ್ಲರಿಗೂ ಒಂದೇ ಅಳತೆಯೆ? ಅಲ್ಲ. ಗರಡಿಯಲ್ಲಿ ಐವತ್ತು ಕಿಲೋ ತೂಗುವ ಹುಡುಗನನ್ನು ತೊಂಬತ್ತು ಕಿಲೋ ತೂಗುವ ಜಟ್ಟಿಯೊಡನೆ ಕಾದಾಡಿಸುವವರುಂಟೆ? ಅಂತೆಯೇ ಇಲ್ಲಿಯೂ ಊನದ ಸ್ವರೂಪವನ್ನು ಪರೀಕ್ಷಿಸಿ, ಸಮಾನರನ್ನು ಒಂದು ವರ್ಗದಲ್ಲಿ ಸೇರಿಸುತ್ತಾರೆ. ಆ ಮೇಲೆ ರಿಯಾಯಿತಿಯ ಮಾತಿಲ್ಲ. ಈ ಪದ್ಧತಿಯ ಬೀಜ ಬಿದ್ದುದು ಒಂದು ಆಸ್ಪತ್ರೆಯ ಅಂಗಳದಲ್ಲಿ. 1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಎಂಬಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಗಾಯಗೊಂಡ 16 ಮಂದಿ ಮಾಜಿ ಯೋಧರಿಗೆ ಬಿಲ್ಲುಗಾರಿಕೆಯ ಪಂದ್ಯವನ್ನು ಏರ್ಪಡಿಸಿದರು. ಅದೇ ಬೆಳೆದು 1960ರಲ್ಲಿ ರೋಮ್ ನಗರದ ಪ್ರಥಮ ಪ್ಯಾರಾಲಿಂಪಿಕ್ ಕ್ರೀಡಾಕೂಟವಾಯಿತು.

ಗಿರೀಶರಿಗಿಂತ ಬಹಳ ಮೊದಲೇ ಕನ್ನಡನಾಡಿನಲ್ಲಿ ಈ ಹಾದಿಯನ್ನು ತುಳಿದವರು ಮಾಲತಿ ಹೊಳ್ಳ. 1958ರಲ್ಲಿ ಜನಿಸಿದ ಅವರು ಕೂಸಾಗಿದ್ದಾಗಲೇ ಪೋಲಿಯೋ ಪೀಡಿತರಾದರು. ಅನೇಕ ಶಸ್ತ್ರಚಿಕಿತ್ಸೆಗಳನ್ನು ಸಹಿಸಿ, ಗಾಲಿಕುರ್ಚಿಯಲ್ಲಿ ಕುಳಿತೇ ಓಟದಲ್ಲಿಯೂ ಎಸೆತದಲ್ಲಿಯೂ ದೇಶವನ್ನು ಪ್ರತಿನಿಧಿಸಿದರು. 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದರು. ತಮ್ಮ ಗೆಲುವಿಗೆ ತೃಪ್ತರಾಗಿ ಕುಳಿತುಕೊಳ್ಳದೆ, ಅಂಗವೈಕಲ್ಯವುಳ್ಳ ಮಕ್ಕಳಿಗಾಗಿ ಮಾತೃ ಎಂಬ ಸಂಸ್ಥೆಯನ್ನು ಕಟ್ಟಿದರು.

ಬಾಗಿಲು ತೆರೆದರೆ ಏನಾಗುವುದೆಂಬುದನ್ನು ಮುಂದಿನ ವರ್ಷಗಳು ತೋರಿಸಿದವು. 2016ರಲ್ಲಿ ರಿಯೋ ನಗರದಲ್ಲಿ ತಮಿಳುನಾಡಿನ ಮಾರಿಯಪ್ಪನ್ ತಂಗವೇಲು ಗಿರೀಶರ ಆಟದಲ್ಲಿಯೇ 1.89 ಮೀಟರ್ ಜಿಗಿದು ಚಿನ್ನ ತಂದರು. 2012ರಲ್ಲಿ ಒಂದೇ ಒಂದು ಪದಕ ಕಂಡಿದ್ದ ದೇಶ 2024ರ ಪ್ಯಾರಿಸ್ ಕ್ರೀಡೆಗಳಲ್ಲಿ 29 ಪದಕಗಳನ್ನು ಗಳಿಸಿತು. ಈ ಹನ್ನೆರಡು ವರ್ಷಗಳಲ್ಲಿ ದೇಶದ ಮಕ್ಕಳ ಮೈ ಬದಲಾಗಲಿಲ್ಲ. ಅವರನ್ನು ನೋಡುವ ಕಣ್ಣು ಕೊಂಚ ಬದಲಾಯಿತು. ಅಭ್ಯಾಸಕ್ಕೆ ನೆಲ, ಕಲಿಸುವ ಗುರು, ಸ್ಪರ್ಧಿಸುವ ಅವಕಾಶ ಇವು ಕೆಲವರಿಗಾದರೂ ದೊರೆತವು.

ಎಲ್ಲರೂ ಪದಕ ಗೆಲ್ಲಲಾರರು. ಊನವಿಲ್ಲದವರಲ್ಲಿಯೂ ಗೆಲ್ಲುವವರು ಎಷ್ಟು ಮಂದಿ? ಆದರೆ ಸೋಲುವುದಕ್ಕೂ ಕಣಕ್ಕಿಳಿಯಬೇಕು. ಆ ಹಕ್ಕು ಪ್ರತಿಯೊಂದು ಮಗುವಿಗೂ ಉಂಟು. ಕನಿಕರ ಒಳ್ಳೆಯ ಗುಣವೇ ಸರಿ. ಅದು ನೆರಳಿನಲ್ಲಿ ಕೂರಿಸುವುದಕ್ಕೆ ಮುಗಿಯಬಾರದು. ಜೊತೆಗಾರನ ಕೈಹಿಡಿದು ಬಯಲಿಗೆ ಕರೆತಂದು, ಅವನಿಗೊಪ್ಪುವ ಎತ್ತರದಲ್ಲಿ ಅಡ್ಡಕೋಲನ್ನು ಇರಿಸಿ, ಅವನು ದಾಟಿದೊಡನೆ ಅದನ್ನು ಒಂದು ಬೆರಳಿನಷ್ಟು ಮೇಲಕ್ಕೇರಿಸುವುದೇ ನಿಜವಾದ ಸ್ನೇಹ.